ಬೋಟ್‌ನ ಎಂಜಿನ್ ಎಳೆಯುತ್ತಿಲ್ಲವೇ? ಪಂಪ್ ಬಿಚ್ಚುವ ಮೊದಲು ಇಷ್ಟು ನೋಡಿ

ಮಲ್ಪೆಯ ದಕ್ಕೆಯಲ್ಲಿ (ಬೋಟ್ ನಿಲ್ಲಿಸುವ ಕಟ್ಟೆ) "ಎಂಜಿನ್ ಎಳೆಯುತ್ತಿಲ್ಲ" ಎಂಬ ದೂರು ಆಗಸ್ಟ್‌ನಲ್ಲಿ ಕೇಳಿಸುವಷ್ಟು ಬೇರೆ ತಿಂಗಳಲ್ಲಿ ಕೇಳಿಸುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ. ಎರಡು ತಿಂಗಳು ಮಳೆಯಲ್ಲಿ ತೋಯುತ್ತಾ ನಿಂತ ಬೋಟ್, ಬ್ಯಾಟರಿ ಚಾರ್ಜ್ ಮಾಡಿ ಕೀ ತಿರುಗಿಸಿದರೆ ಚೆನ್ನಾಗಿಯೇ ಶುರುವಾಗುತ್ತದೆ. ಐಸ್ ತುಂಬಿಸಿ, ಅಳಿವೆ (ಹೊಳೆ ಕಡಲು ಸೇರುವ ಬಾಯಿ) ದಾಟಿ, ಬಲೆ ಬಿಟ್ಟು ಎಳೆಯತೊಡಗಿದಾಗ ಅದರ ಅಸಲು ಗುಣ ಗೊತ್ತಾಗುತ್ತದೆ. ಲಿವರನ್ನು ಪೂರ್ತಿ ಮುಂದಕ್ಕೆ ತಳ್ಳಿದರೂ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ತೋರಿಸುವ ಮುಳ್ಳು ಏರುವುದಿಲ್ಲ. ಏರುವುದು ಬೋಟ್ ನಡೆಸುವ ತಾಂಡೇಲರ ಸಿಟ್ಟು ಮಾತ್ರ.

ದಡಕ್ಕೆ ಬಂದ ಮೇಲೆ ಯಾರೋ ಒಬ್ಬರು "ಪಂಪ್ ಹೋಗಿದೆ" ಎನ್ನುತ್ತಾರೆ. ಆ ಮಾತಿಗೆ ಯಾರೂ ಎದುರಾಡುವುದಿಲ್ಲ. ಡೀಸೆಲ್ ಪಂಪ್ ಬಿಚ್ಚಿ ಗೋಣಿಯಲ್ಲಿ ಸುತ್ತಿ ಮಂಗಳೂರಿಗೆ ಕಳುಹಿಸುತ್ತಾರೆ. ನಾಲ್ಕು ದಿನ ಕಳೆದು ಬಿಲ್ಲಿನೊಂದಿಗೆ ಪಂಪ್ ಮರಳಿ ಬರುತ್ತದೆ, ರೋಗ ಮಾತ್ರ ಇದ್ದಲ್ಲೇ ಇರುತ್ತದೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬೋಟ್ ಎಂಜಿನ್‌ಗಳ ನಡುವೆ ಕೈ ಕಪ್ಪು ಮಾಡಿಕೊಂಡವನಾಗಿ ಹೇಳುತ್ತೇನೆ: ಎಳೆತ ಕಡಿಮೆಯಾದ ಬೋಟ್‌ಗಳಲ್ಲಿ ನಾನು ಕಂಡ ಹೆಚ್ಚಿನ ದೋಷಗಳು ಎಂಜಿನ್ನಿನ ಹೊಟ್ಟೆಯೊಳಗೆ ಇರಲೇ ಇಲ್ಲ. ಡೀಸೆಲ್ ಬರುವ ದಾರಿಯಲ್ಲಿ, ಗಾಳಿ ಹೋಗುವ ದಾರಿಯಲ್ಲಿ, ಇಲ್ಲವೇ ನೀರಿನಡಿಯಲ್ಲಿ ತಿರುಗಿ ಬೋಟನ್ನು ತಳ್ಳುವ ಫ್ಯಾನಿನಲ್ಲಿ (ಪ್ರೊಪೆಲ್ಲರ್) ಇದ್ದವು. ಅಲ್ಲಿಗೆ ತಲುಪಲು ಬೇಕಾದದ್ದು ಒಂದು ಟಾರ್ಚ್, ಎರಡು ಸ್ಪ್ಯಾನರ್ ಮತ್ತು ಸ್ವಲ್ಪ ತಾಳ್ಮೆ.

ಮೊದಲು ಕೈ ಕಟ್ಟಿ ನಿಂತು ನೋಡಿ

ಏನನ್ನೂ ಬಿಚ್ಚಬೇಡಿ. ಬೋಟ್ ನಡೆಸುವವರನ್ನು ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಿ: ಇದು ತಟ್ಟನೆ ಆದದ್ದೋ, ಮೆಲ್ಲಮೆಲ್ಲನೆ ಆದದ್ದೋ? ನಿನ್ನೆ ಸರಿಯಿದ್ದು ಇಂದು ಸೋತಿದ್ದರೆ ಕಟ್ಟಿಕೊಂಡ ಫಿಲ್ಟರ್, ಎಂಜಿನ್‌ಗೆ ಗಾಳಿ ಒತ್ತಿ ಕೊಡುವ ಟರ್ಬೊದ ಕಳಚಿದ ಓಸ್, ಫ್ಯಾನಿಗೆ ಸುತ್ತಿದ ಬಲೆ, ಹೊಸದಾಗಿ ತುಂಬಿಸಿದ ಡೀಸೆಲ್ ಇಂಥವುಗಳ ಮೇಲೆ ಗುಮಾನಿ. ದೀಪಾವಳಿಗೆ ಇದ್ದ ವೇಗ ಯುಗಾದಿಗೆ ಇಲ್ಲ ಎಂಬ ಬಗೆಯ ಸೋಲಾದರೆ ಅಡಿಗೆ ಅಂಟಿದ ಚಿಪ್ಪು, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಸವೆದ ನಾಜಲ್, ಮಸಿ ಕಟ್ಟಿದ ಹೊಗೆ ಕೊಳವೆ ಮುಂತಾದವು. ಕೊನೆಯ ಬಾರಿ ಎಂಜಿನ್ ಕೋಣೆಯಲ್ಲಿ ಯಾರು, ಏನು ಕೆಲಸ ಮಾಡಿದರು ಎಂದೂ ಕೇಳಿ. ಇದಕ್ಕೆ ಪ್ರಾಮಾಣಿಕ ಉತ್ತರ ಸಿಗುವುದು ಕಷ್ಟ, ಆದರೆ ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ಆಮೇಲೆ ಎಂಜಿನ್ ಬಿಸಿಯಾಗುವವರೆಗೆ ಓಡಿಸಿ, ಮೂರು ಸಂಗತಿ ಬರೆದುಕೊಳ್ಳಿ. ಗೇರ್ ಹಾಕದೆ ಲಿವರ್ ಪೂರ್ತಿ ಕೊಟ್ಟಾಗ ಆರ್‌ಪಿಎಂ ಎಷ್ಟಕ್ಕೆ ಏರುತ್ತದೆ (ಕ್ಷಣಕಾಲ ಮಾತ್ರ, ಹಿಡಿದು ನಿಲ್ಲಿಸಬೇಡಿ). ಗೇರ್ ಹಾಕಿ ತೆರೆದ ನೀರಿನಲ್ಲಿ ಓಡುವಾಗ ಎಷ್ಟಕ್ಕೆ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಹೊಗೆಯ ಬಣ್ಣ ಯಾವುದು.

ಈ ಮೂರನ್ನು ಒಟ್ಟಿಗೆ ಇಟ್ಟು ಓದಬೇಕು. ಹೊರೆ ಬಿದ್ದಾಗ ಆರ್‌ಪಿಎಂ ಕುಸಿದು ಕಪ್ಪು ಹೊಗೆ ದಟ್ಟವಾಗಿ ಬಂದರೆ ಡೀಸೆಲ್ ಸಾಕಷ್ಟು ಹೋಗುತ್ತಿದೆ, ಅದನ್ನು ಸುಡಲು ಗಾಳಿ ಸಾಲುತ್ತಿಲ್ಲ. ಇಲ್ಲವೇ ಹೊರೆಯೇ ಮಿತಿಮೀರಿದೆ. ಆರ್‌ಪಿಎಂ ಕುಸಿದರೂ ಹೊಗೆ ಇಲ್ಲದಿದ್ದರೆ ಎಂಜಿನ್‌ಗೆ ಹೊಟ್ಟೆಗಿಲ್ಲ: ಡೀಸೆಲ್ ಬರುತ್ತಿಲ್ಲ. ಆರ್‌ಪಿಎಂ ಸರಿಯಾಗಿದ್ದು ಬೋಟ್ ಮಾತ್ರ ಮುಂದೆ ಹೋಗದಿದ್ದರೆ ಎಂಜಿನ್ನನ್ನು ಬಿಟ್ಟು ಗೇರ್ ಬಾಕ್ಸ್, ಶಾಫ್ಟ್, ಫ್ಯಾನ್ ಕಡೆಗೆ ನಡೆಯಿರಿ. ಬಿಸಿಯಾದ ಮೇಲೂ ಬಿಳಿ ಹೊಗೆ ಉಳಿದರೆ ಸುಡದ ಡೀಸೆಲ್ ಅಥವಾ ಸಿಲಿಂಡರಿಗೆ ಇಳಿಯುವ ನೀರು. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಸುಡುತ್ತಿದೆ.

ಇಲ್ಲಿ ಎರಡು ಕಡೆ ಜನ ಮೋಸ ಹೋಗುತ್ತಾರೆ. ಗೇರ್ ಇಲ್ಲದೆ ಪೂರ್ತಿ ಆರ್‌ಪಿಎಂ ಬಂದ ಮಾತ್ರಕ್ಕೆ ಡೀಸೆಲ್ ದಾರಿ ಸರಿಯಿದೆ ಎಂದಲ್ಲ. ಖಾಲಿ ತಿರುಗುವ ಎಂಜಿನ್ ಕುಡಿಯುವ ಡೀಸೆಲ್ ಬಹಳ ಕಡಿಮೆ. ಅರ್ಧ ಕಟ್ಟಿದ ಫಿಲ್ಟರ್ ಕೂಡ ಅಷ್ಟನ್ನು ಕೊಟ್ಟೀತು. ಇನ್ನೊಂದು ವೇಗದ ಲೆಕ್ಕ. ಜಿಪಿಎಸ್ ತೋರಿಸುವುದು ನೆಲದ ಮೇಲಿನ ವೇಗವನ್ನು, ನೀರಿನ ಮೇಲಿನ ವೇಗವನ್ನಲ್ಲ. ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೊರಗೆ ಹೋಗುವಾಗ ಎಲ್ಲ ಬೋಟ್‌ಗಳೂ ಗಟ್ಟಿಗರೇ. ಒಂದೇ ಜಾಗದಲ್ಲಿ ಹೋಗುತ್ತಾ ಒಮ್ಮೆ, ಬರುತ್ತಾ ಒಮ್ಮೆ ವೇಗ ನೋಡಿ ಸರಾಸರಿ ತೆಗೆದುಕೊಳ್ಳಿ. ದಕ್ಕೆಗೆ ಹಗ್ಗ ಕಟ್ಟಿ ಗೇರ್ ಹಾಕಿ ಪರೀಕ್ಷಿಸುವವರಿದ್ದಾರೆ. ಕಟ್ಟಿದ ಬೋಟ್‌ನ ಫ್ಯಾನಿಗೆ ಹೊರೆ ಹೆಚ್ಚು, ಆದ್ದರಿಂದ ಆರೋಗ್ಯವಾದ ಎಂಜಿನ್ನೂ ಅಲ್ಲಿ ಪೂರ್ತಿ ಆರ್‌ಪಿಎಂ ಮುಟ್ಟದು. ಅದನ್ನು ಕಂಡು ತೀರ್ಪು ಕೊಡಬೇಡಿ.

ಲಿವರ್ ಮತ್ತು ಕೇಬಲ್

ಐದು ನಿಮಿಷದ ಕೆಲಸ, ಆದರೂ ಯಾರೂ ಮಾಡುವುದಿಲ್ಲ. ಎಂಜಿನ್ ನಿಲ್ಲಿಸಿ, ಒಬ್ಬರು ಮೇಲೆ ಲಿವರ್ ಪೂರ್ತಿ ತಳ್ಳಲಿ, ನೀವು ಕೆಳಗೆ ಪಂಪ್‌ನ ಬಳಿ ಕುಳಿತು ನೋಡಿ. ಪಂಪ್‌ನ ತೋಳು ತನ್ನ ಕೊನೆಯ ತಡೆಬೋಲ್ಟ್‌ಗೆ ಮುಟ್ಟಬೇಕು. ಮುಟ್ಟುವುದಕ್ಕೆ ಬೆರಳಿನಷ್ಟು ಬಾಕಿ ಇದ್ದರೆ ಅಲ್ಲೇ ನಿಮ್ಮ ಕಳೆದುಹೋದ ಶಕ್ತಿ ಇದೆ. ಉಪ್ಪು ಗಾಳಿಗೆ ಕೇಬಲ್ ಒಳಗೆ ತುಕ್ಕು ಹಿಡಿದು ಬಿಗಿಯಾಗುತ್ತದೆ, ಕ್ಲ್ಯಾಂಪ್ ಜಾರುತ್ತದೆ. ಎಂಜಿನ್ ನಿಲ್ಲಿಸುವ ತೋಳನ್ನೂ ನೋಡಿ. ಅದರ ಕೇಬಲ್ ಅರ್ಧ ಎಳೆದುಕೊಂಡೇ ನಿಂತಿದ್ದರೆ ಪಂಪ್ ಅರ್ಧ ಡೀಸೆಲನ್ನಷ್ಟೇ ಕೊಡುತ್ತದೆ. ಒಮ್ಮೆ ಒಂದು ಟ್ರಾಲ್ ಬೋಟ್‌ನಲ್ಲಿ ಎಂಜಿನ್ ಕೋಣೆಯ ಚಾವಣಿಗೆ ತೂಗುಹಾಕಿದ್ದ ಈರುಳ್ಳಿಯ ಚೀಲ ಕೇಬಲ್‌ನ ಮೇಲೆ ಒರಗಿ ಕುಳಿತಿತ್ತು. ಚೀಲ ಸರಿಸಿದೆ, ಬೋಟ್ ಹೊರಟಿತು. ಕೂಲಿ ಕೇಳಲು ನನಗೇ ಸಂಕೋಚವಾಯಿತು.

ಡೀಸೆಲ್ ಬರುವ ದಾರಿ

ಹೆಚ್ಚು ಹೊತ್ತು ಕಳೆಯಬೇಕಾದ ಜಾಗ ಇದು. ಟ್ಯಾಂಕ್‌ನಿಂದ ಹೊರಟು ಪಂಪ್‌ನವರೆಗೆ ಕೈಯಿಂದ ಮುಟ್ಟುತ್ತಾ ಬನ್ನಿ.

ನಮ್ಮ ಕಡೆಯ ದೊಡ್ಡ ಶತ್ರು ನೀರು. ಮೇ ಕೊನೆಯಲ್ಲಿ ಅರ್ಧ ಖಾಲಿ ಟ್ಯಾಂಕ್ ಬಿಟ್ಟು ಹೋದರೆ, ಮಳೆಗಾಲದ ತೇವದ ಗಾಳಿ ಒಳಹೊಕ್ಕು ತಗಡಿನ ಗೋಡೆಗೆ ಬೆವರಾಗಿ ಇಳಿದು ತಳ ಸೇರುತ್ತದೆ. ಡೀಸೆಲ್ ನೀರಿಗಿಂತ ಹಗುರ. ಹಾಗಾಗಿ ನೀರು ಅಡಿಯಲ್ಲಿ, ಡೀಸೆಲ್ ಮೇಲೆ. ಇವೆರಡರ ನಡುವಿನ ಗಡಿಯಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಬೆಳೆದು ಕಪ್ಪು ಲೋಳೆಯಾಗುತ್ತವೆ. ದಕ್ಕೆಯಲ್ಲಿ ಬೋಟ್ ಅಲುಗಾಡದೆ ನಿಂತಿರುವಾಗ ಈ ಲೋಳೆ ತಳದಲ್ಲಿ ಮಲಗಿರುತ್ತದೆ. ಅಳಿವೆಯ ಅಲೆಗೆ ಬೋಟ್ ಕುಣಿದಾಗ ಅದು ಎದ್ದು ಬಂದು ಫಿಲ್ಟರಿಗೆ ಮೆತ್ತಿಕೊಳ್ಳುತ್ತದೆ. ಆಗಸ್ಟ್‌ನ ಮೊದಲ ಓಟದಲ್ಲೇ ಎಂಜಿನ್ ಸೋಲುವ ಗುಟ್ಟು ಇದು.

ನೀರು ಬೇರ್ಪಡಿಸುವ ಫಿಲ್ಟರಿನ ತಳದ ತಿರುಪು ಸಡಿಲಿಸಿ ಒಂದು ಪಾರದರ್ಶಕ ಬಾಟಲಿಗೆ ಕಾಲು ಲೀಟರ್ ಇಳಿಸಿ, ಹತ್ತು ನಿಮಿಷ ಬಿಡಿ. ಅಡಿಯಲ್ಲಿ ನೀರಿನ ಪದರ ಕಂಡರೆ ಟ್ಯಾಂಕ್‌ನ ತಳದ ನಲ್ಲಿಯನ್ನೂ ತೆರೆದು ನೋಡಿ. ನೀರು ನಿಲ್ಲುವವರೆಗೆ ಇಳಿಸಿ, ಬಂದದ್ದನ್ನೆಲ್ಲ ಡಬ್ಬಿಯಲ್ಲೇ ಹಿಡಿಯಿರಿ, ಹೊಳೆಗೆ ಚೆಲ್ಲಬೇಡಿ. ಲೋಳೆ ಬಂದರೆ ಫಿಲ್ಟರ್ ಬದಲಿಸುವುದರಿಂದ ಎರಡು ದಿನದ ಉಸಿರಷ್ಟೇ ಸಿಗುತ್ತದೆ. ಟ್ಯಾಂಕ್‌ನ ಮುಚ್ಚಳ ಬಿಚ್ಚಿ ಒಳಗೆ ಒರೆಸಿ ತೆಗೆಯದೆ ಬೇರೆ ದಾರಿಯಿಲ್ಲ.

ಫಿಲ್ಟರ್ ಬದಲಿಸುವಾಗ ಹಳೆಯದನ್ನು ಎಸೆಯುವ ಮೊದಲು ಕತ್ತರಿಸಿ ಬಿಚ್ಚಿ ನೋಡಿ. ಮಡಿಕೆಗಳ ನಡುವೆ ತುಕ್ಕಿನ ಪುಡಿ ಇದ್ದರೆ ಟ್ಯಾಂಕ್ ಒಳಗಿನಿಂದ ಕೊರೆಯುತ್ತಿದೆ. ಕಪ್ಪು ಅಂಟಾದರೆ ಲೋಳೆ. ಹೀಗೆ ಬಿಚ್ಚಿ ನೋಡಿದ ಫಿಲ್ಟರಿನಷ್ಟು ನೇರವಾಗಿ ಟ್ಯಾಂಕಿನ ಸ್ಥಿತಿ ಹೇಳುವ ಸಾಧನ ಬೇರೆ ಇಲ್ಲ. ಸಾಧ್ಯವಿದ್ದರೆ ಮೊದಲ ಫಿಲ್ಟರ್ ಮತ್ತು ಫೀಡ್ ಪಂಪ್‌ನ (ಟ್ಯಾಂಕ್‌ನಿಂದ ಡೀಸೆಲ್ ಹೀರಿ ದೊಡ್ಡ ಪಂಪ್‌ಗೆ ಕೊಡುವ ಸಣ್ಣ ಪಂಪ್) ನಡುವೆ ಹೀರಿಕೆಯ ಬಲ ಅಳೆಯುವ ಒಂದು ವ್ಯಾಕ್ಯೂಮ್ ಗೇಜ್ ಕೂರಿಸಿಕೊಳ್ಳಿ. ಹೊಸ ಫಿಲ್ಟರಿನಲ್ಲಿ ಅದು ಸಾಮಾನ್ಯವಾಗಿ ಒಂದೆರಡು ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸುತ್ತದೆ. ಹೊರೆಯಲ್ಲಿ ಐದಾರು ಇಂಚಿಗೆ ಏರಿದರೆ ದಾರಿ ಕಟ್ಟುತ್ತಿದೆ ಎಂದರ್ಥ. ನಿಮ್ಮ ಎಂಜಿನ್ನಿನ ಕೈಪಿಡಿ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ.

ಇನ್ನು ಗಾಳಿ ಸೇರುವ ತೊಂದರೆ. ಟ್ಯಾಂಕ್‌ನಿಂದ ಫೀಡ್ ಪಂಪ್‌ವರೆಗಿನ ಓಸ್ ಹೀರುವ ಕಡೆಯದು. ಅಲ್ಲಿ ಸಣ್ಣ ಬಿರುಕಿದ್ದರೆ ಡೀಸೆಲ್ ಹೊರಗೆ ಸೋರುವ ಬದಲು ಗಾಳಿ ಒಳಗೆ ನುಸುಳುತ್ತದೆ. ಆದ್ದರಿಂದ "ಎಲ್ಲಿಯೂ ಸೋರುತ್ತಿಲ್ಲ" ಎಂಬುದು ಇಲ್ಲಿ ಸಾಕ್ಷಿಯಲ್ಲ. ಫೀಡ್ ಪಂಪ್‌ಗೆ ಡೀಸೆಲ್ ಬರುವ ಕಡೆ ಒಂದಡಿ ಪಾರದರ್ಶಕ ಡೀಸೆಲ್ ಓಸ್ ತಾತ್ಕಾಲಿಕವಾಗಿ ಹಾಕಿ ಎಂಜಿನ್ ಓಡಿಸಿ. ಗುಳ್ಳೆಗಳು ಸಾಲಾಗಿ ಹೋಗುತ್ತಿದ್ದರೆ ಹಿಂದಿನ ಒಂದೊಂದೇ ಜೋಡಣೆ ಬಿಗಿ ಮಾಡುತ್ತಾ ಬನ್ನಿ. ಹಳೆಯ ತಾಮ್ರದ ವಾಷರ್ ಮತ್ತೆ ಹಾಕಿದ್ದೋ, ಫಿಲ್ಟರಿನ ರಬ್ಬರ್ ರಿಂಗ್ ಒಂದರ ಮೇಲೊಂದು ಎರಡು ಕುಳಿತದ್ದೋ, ಇವೇ ಎಂದಿನ ಅಪರಾಧಿಗಳು. ಪರೀಕ್ಷೆ ಮುಗಿದ ಮೇಲೆ ಆ ಪಾರದರ್ಶಕ ಓಸ್ ತೆಗೆದುಬಿಡಿ. ಬಿಸಿ ಎಂಜಿನ್ ಕೋಣೆಯಲ್ಲಿ ಅದು ಬಾಳುವಂಥದ್ದಲ್ಲ, ಬೆಂಕಿಗೂ ದಾರಿ.

ಈಗ ಸುಲಭದಲ್ಲಿ ಮುಗಿಯಬೇಕಿದ್ದ, ಆದರೆ ಒಂದು ವಾರದ ಮೀನುಗಾರಿಕೆಯನ್ನೇ ತಿಂದ ಒಂದು ಕಥೆ. ಆಗಸ್ಟ್ ನಡುವಿನಲ್ಲಿ ಒಂದು ಟ್ರಾಲ್ ಬೋಟ್ ಬಂತು. ಮುಕ್ಕಾಲು ಗಂಟೆ ಸರಿಯಾಗಿ ಓಡುತ್ತದೆ, ಆಮೇಲೆ ಸೋಲುತ್ತದೆ. ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಮತ್ತೆ ಮುಕ್ಕಾಲು ಗಂಟೆ ಸರಿ. ನಾನು ಕೈ ಹಾಕುವ ಹೊತ್ತಿಗೆ ಫಿಲ್ಟರ್ ಎರಡು ಸಲ ಬದಲಾಗಿತ್ತು, ಪಂಪ್ ಮಂಗಳೂರಿಗೆ ಹೋಗಿ ಬಂದಿತ್ತು, ನಾಜಲ್ ಹೊಸದಾಗಿತ್ತು.

"ಇನ್ನು ಏನು ಉಳಿದಿದೆ ಅಣ್ಣಾ? ಎಂಜಿನ್ನೇ ಬದಲಿಸುವುದಾ?" ಎಂದು ಬೋಟ್‌ನ ಹುಡುಗ ಕೇಳಿದ.

"ಮೊದಲು ಸೋತಾಗ ಟ್ಯಾಂಕ್‌ನ ಮುಚ್ಚಳ ಸಡಿಲ ಮಾಡು ಮಾರಾಯ, ಆಮೇಲೆ ಮಾತನಾಡುವ" ಎಂದೆ.

ಪಡುಕೆರೆಯ ಎದುರಿಗೆ ಎಂಜಿನ್ ಕುಗ್ಗಿತು. ಹುಡುಗ ಮುಚ್ಚಳ ತಿರುಗಿಸಿದ. "ಸ್ಸ್" ಎಂದು ಟ್ಯಾಂಕ್ ಉಸಿರೆಳೆದುಕೊಂಡಿತು. ಅರೆ ನಿಮಿಷದಲ್ಲಿ ಮುಳ್ಳು ಏರಿತು. ಟ್ಯಾಂಕ್‌ಗೆ ಗಾಳಿ ಹೋಗುವ ಕೊಳವೆ ಬೋಟ್‌ನ ಬದಿಯಲ್ಲಿ ಹಂಸದ ಕತ್ತಿನಂತೆ ಬಾಗಿತ್ತು. ಅದರ ಬಾಯೊಳಗೆ ತಂತಿ ಹಾಕಿ ಕೆದಕಿದರೆ ಒಣಗಿದ ಕೆಂಪು ಮಣ್ಣು ಉದುರಿತು. ಮಳೆಗಾಲದ ಎರಡು ತಿಂಗಳಲ್ಲಿ ಕಣಜವೊಂದು ಅಲ್ಲಿ ಅಚ್ಚುಕಟ್ಟಾಗಿ ಮಣ್ಣಿನ ಗೂಡು ಕಟ್ಟಿತ್ತು. ಟ್ಯಾಂಕ್‌ನಿಂದ ಡೀಸೆಲ್ ಹೋದಷ್ಟು ಜಾಗಕ್ಕೆ ಗಾಳಿ ಬರಬೇಕು. ಬಾರದಿದ್ದರೆ ಒಳಗೆ ಹೀರಿಕೆ ಹುಟ್ಟಿ ಫೀಡ್ ಪಂಪ್ ಸೋಲುತ್ತದೆ. ನಿಲ್ಲಿಸಿದಾಗ ಸಂದಿಗೊಂದಿಯಿಂದ ಮೆಲ್ಲಗೆ ಗಾಳಿ ನುಸುಳಿ ಮತ್ತೆ ಸರಿಹೋಗುತ್ತದೆ. ಸ್ವಲ್ಪ ಹೊತ್ತು ಓಡಿ, ಸೋತು, ವಿಶ್ರಾಂತಿಯ ನಂತರ ಚೇತರಿಸಿಕೊಳ್ಳುವ ಎಂಜಿನ್ ಎಂದರೆ ಮೊದಲು ಈ ಕೊಳವೆ ನೋಡಿ. ಇದೇ ಲಕ್ಷಣ ತೋರಿಸುವ ಇನ್ನೊಂದು ದೋಷವೂ ಉಂಟು: ಟ್ಯಾಂಕ್‌ನೊಳಗೆ ಬಿದ್ದ ಚಿಂದಿ ಅಥವಾ ಪ್ಲಾಸ್ಟಿಕ್ ಚೂರು ಹೀರುವ ಕೊಳವೆಯ ಬಾಯಿಗೆ ಅಂಟಿಕೊಂಡು, ನಿಲ್ಲಿಸಿದಾಗ ಕಳಚಿ ಬೀಳುವುದು. ಮುಚ್ಚಳ ಸಡಿಲಿಸಿದರೂ ಚೇತರಿಸದಿದ್ದರೆ ಅದನ್ನು ಹುಡುಕಿ.

ಇಷ್ಟಾದರೂ ಅನುಮಾನ ಉಳಿದರೆ ಕ್ಯಾನ್ ಪರೀಕ್ಷೆ ಮಾಡಿ. ನನ್ನ ಮಟ್ಟಿಗೆ ಇಡೀ ಲೇಖನದಲ್ಲಿ ಇದೊಂದನ್ನು ನೆನಪಿಟ್ಟರೂ ಸಾಕು. ಶುದ್ಧ ಡೀಸೆಲ್ ತುಂಬಿದ 20 ಲೀಟರಿನ ಕ್ಯಾನನ್ನು ಎಂಜಿನ್ ಕೋಣೆಯಲ್ಲಿ ಅಲುಗಾಡದಂತೆ ಕಟ್ಟಿ, ಬೇರೆ ಓಸಿನಿಂದ ಫೀಡ್ ಪಂಪ್‌ಗೆ ನೇರವಾಗಿ ಕೊಡಿ. ಎಂಜಿನ್ನಿನಿಂದ ಟ್ಯಾಂಕ್‌ಗೆ ಮರಳುವ ಡೀಸೆಲ್ ಪೈಪನ್ನೂ ಅದೇ ಕ್ಯಾನಿಗೆ ತಿರುಗಿಸಿ, ಇಲ್ಲದಿದ್ದರೆ ಕ್ಯಾನ್ ಬೇಗ ಬರಿದಾಗುತ್ತದೆ. ಪೈಪಿನಲ್ಲಿ ಸೇರಿದ ಗಾಳಿ ತೆಗೆದು ಹೊರೆಯಲ್ಲಿ ಓಡಿಸಿ. 200 ಅಶ್ವಶಕ್ತಿಯ ಎಂಜಿನ್ ಪೂರ್ಣ ಹೊರೆಯಲ್ಲಿ ಗಂಟೆಗೆ ಸುಮಾರು 40 ಲೀಟರ್ ಕುಡಿಯುವುದರಿಂದ ನಿಮಗೆ ಸಿಗುವುದು ಕಾಲು ಗಂಟೆಯಿಂದ ಅರ್ಧ ಗಂಟೆ, ಅಷ್ಟು ಸಾಕು. ಎಳೆತ ಮರಳಿದರೆ ದೋಷ ಟ್ಯಾಂಕ್, ಅದರ ಪೈಪು ಅಥವಾ ನೀವು ಬಿಟ್ಟು ಹೋದ ಮೊದಲ ಫಿಲ್ಟರಿನಲ್ಲಿದೆ. ಮರಳದಿದ್ದರೆ ಆ ಭಾಗವೆಲ್ಲ ನಿರಪರಾಧಿ; ಎಂಜಿನ್ ಮೇಲಿನ ಫಿಲ್ಟರ್ ಮತ್ತು ಫೀಡ್ ಪಂಪ್ ನೋಡಿಕೊಂಡು ಮುಂದೆ ಸಾಗಿ.

ಗಾಳಿ ಮತ್ತು ಹೊಗೆ

ಕಪ್ಪು ಹೊಗೆ ಇದ್ದವರು ಇಲ್ಲಿಂದಲೇ ಶುರು ಮಾಡಬಹುದು. ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ಬೋಟ್‌ನಲ್ಲಿ ರಸ್ತೆಯ ಧೂಳಿಲ್ಲ ನಿಜ, ಆದರೆ ಎಣ್ಣೆಯ ಹಬೆ ಮತ್ತು ಉಪ್ಪಿನ ತೇವ ಸೇರಿ ಕಾಗದವನ್ನು ಚರ್ಮದಂತೆ ಮಾಡುತ್ತವೆ. ಎಂಜಿನ್ ಕೋಣೆಗೆ ಗಾಳಿ ಬರುವ ಕಿಂಡಿಗಳ ಮುಂದೆ ಹಗ್ಗದ ರಾಶಿ, ಬಲೆಯ ಮೂಟೆ ಇವೆಯೇ ನೋಡಿ. ಒಂದು ಸರಳ ಪರೀಕ್ಷೆ: ಪೂರ್ತಿ ಓಟದಲ್ಲಿ ಎಂಜಿನ್ ಕೋಣೆಯ ಮುಚ್ಚಳ ತೆಗೆಯಿರಿ. ಆರ್‌ಪಿಎಂ ಐವತ್ತು ನೂರು ಏರಿದರೆ ಎಂಜಿನ್ ಉಸಿರುಕಟ್ಟಿ ದುಡಿಯುತ್ತಿತ್ತು. ಕೋಣೆಯ ಗಾಳಿ ಹೊರಗಿನದಕ್ಕಿಂತ ಹತ್ತು ಹದಿನೈದು ಡಿಗ್ರಿಗಿಂತ ಹೆಚ್ಚು ಬಿಸಿಯಾಗಲು ಬಿಡಬಾರದು. ಬಿಸಿ ಗಾಳಿ ತೆಳು, ತೆಳು ಗಾಳಿಯಲ್ಲಿ ಡೀಸೆಲ್ ಪೂರ್ತಿ ಸುಡದು.

ಟರ್ಬೊ ಇದ್ದರೆ ಅದರಿಂದ ಎಂಜಿನ್‌ಗೆ ಹೋಗುವ ಓಸ್‌ಗಳ ಅಡಿಭಾಗವನ್ನು ಬೆರಳಿನಿಂದ ಸವರಿ. ಬಿರುಕು ಸಾಮಾನ್ಯವಾಗಿ ಕಣ್ಣಿಗೆ ಕಾಣದ ಕೆಳಬದಿಯಲ್ಲೇ ಇರುತ್ತದೆ, ಎಣ್ಣೆಮಸಿ ಅಲ್ಲಿ ಗುರುತು ಬಿಟ್ಟಿರುತ್ತದೆ. ಹೊರೆಯಲ್ಲಿ ಹೊಸದಾಗಿ "ಉಸ್" ಎಂಬ ಸದ್ದು ಕೇಳಿದರೆ ಅದೇ. ಎಂಜಿನ್ ತಣ್ಣಗಾದ ಮೇಲೆ ಟರ್ಬೊದ ಚಕ್ರವನ್ನು ಬೆರಳಿನಿಂದ ತಿರುಗಿಸಿ: ಸಲೀಸಾಗಿ ತಿರುಗಬೇಕು, ಅಂಚು ಗೋಡೆಗೆ ಉಜ್ಜಬಾರದು. ಗಾಳಿ ತಂಪು ಮಾಡುವ ಕೂಲರ್ ಇದ್ದರೆ ಅದರ ರೆಕ್ಕೆಗಳೂ ಎಣ್ಣೆಮಸಿಯಿಂದ ಕಟ್ಟಿರಬಹುದು.

ಹೊಗೆ ಹೊರಗೆ ಹೋಗುವ ದಾರಿಯೂ ತೆರೆದಿರಬೇಕು. ಸೈಂಟ್ ಮೇರೀಸ್ ದ್ವೀಪಕ್ಕೆ ಹೋಗುವಂಥ ಪ್ರವಾಸಿ ಬೋಟ್‌ಗಳಲ್ಲಿ, ಹೊಗೆಗೆ ಸಮುದ್ರದ ನೀರು ಬೆರೆಸಿ ಬಿಡುವ ವ್ಯವಸ್ಥೆ ಇದ್ದರೆ, ನೀರು ಬೆರೆಯುವ ಆ ಮೊಣಕೈಯಂಥ ಭಾಗವನ್ನು ಬಿಚ್ಚಿ ನೋಡಿ. ಮಸಿ, ಉಪ್ಪು, ತುಕ್ಕು ಸೇರಿ ಮೂರು ಇಂಚಿನ ದಾರಿ ಒಂದು ಇಂಚಾಗಿರುವುದನ್ನು ಕಂಡಿದ್ದೇನೆ.

ನೀರಿನಡಿಗೆ

ಫ್ಯಾನ್ ಬೇಡುವ ಶಕ್ತಿ ಆರ್‌ಪಿಎಂನ ಘನಕ್ಕೆ ಅನುಗುಣವಾಗಿ ಏರುತ್ತದೆ. 1,800 ಆರ್‌ಪಿಎಂನಲ್ಲಿ ತಿರುಗಬೇಕಾದ ಎಂಜಿನ್ 1,620ಕ್ಕೆ ನಿಂತರೆ ಕಣ್ಣಿಗೆ ಕಾಣುವ ನಷ್ಟ ಶೇ 10 ಮಾತ್ರ. ಅದೇ ಫ್ಯಾನ್, ಅದೇ ಹೊರೆಯಾದರೆ ನೀರಿಗೆ ತಲುಪುವ ಶಕ್ತಿ ಹೆಚ್ಚುಕಡಿಮೆ ಶೇ 73ಕ್ಕೆ ಇಳಿದಿದೆ. "ಮುಳ್ಳು ಸ್ವಲ್ಪ ಕೆಳಗಿದೆ ಅಷ್ಟೇ" ಎಂದು ತಳ್ಳಿಹಾಕುವವರಿಗೆ ಈ ಲೆಕ್ಕ ಹೇಳಿ.

ಫ್ಯಾನಿಗೆ ಬಲೆ, ಹಗ್ಗ ಸುತ್ತಿದರೆ ನಡುಕವೂ ಜೊತೆಗೆ ಬರುತ್ತದೆ, ಗ್ಲ್ಯಾಂಡ್ (ಶಾಫ್ಟ್ ಬೋಟ್‌ನಿಂದ ಹೊರಹೋಗುವಲ್ಲಿ ನೀರು ತಡೆಯುವ ಭಾಗ) ಬಿಸಿಯಾಗುತ್ತದೆ. ಯಾರಾದರೂ ನೀರಿಗೆ ಇಳಿಯುವ ಮೊದಲು ಎಂಜಿನ್ ನಿಲ್ಲಿಸಿ, ಗೇರ್ ತಪ್ಪಿಸಿ, ಕೀಯನ್ನು ಇಳಿಯುವವರ ಕೈಗೇ ಕೊಡಿ. ಮೇಲೊಬ್ಬರು ಹಗ್ಗ ಹಿಡಿದಿರಲಿ. ಅಲೆ ಎದ್ದಿದ್ದರೆ ಇಳಿಯಲೇಬೇಡಿ. ಮೇಲೆ ಕೆಳಗೆ ಕುಣಿಯುವ ಬೋಟ್‌ನ ಅಡಿ ತಲೆಗೆ ಬಡಿದರೆ ಮುಗಿಯಿತು. ಬಲೆ ಕತ್ತರಿಸಿದ ಮೇಲೆ ಫ್ಯಾನ್ ಮತ್ತು ಬೇರಿಂಗ್ ನಡುವಿನ ಸಂದಿಯಲ್ಲಿ ಕರಗಿ ಅಂಟಿಕೊಂಡ ನೈಲಾನ್ ಉಂಗುರ ಉಳಿದಿದೆಯೇ ನೋಡಿ, ಹೆಚ್ಚಿನವರು ಅದನ್ನು ಬಿಟ್ಟು ಬರುತ್ತಾರೆ. ರೆಕ್ಕೆಯ ತುದಿ ಬಾಗಿರುವುದು, ಅಡಿಗೆ ಚಿಪ್ಪು ಅಂಟಿರುವುದು ಕೈಗೇ ಸಿಗುತ್ತವೆ. ಕಳೆದ ಋತುವಿನ ನಂತರ ಹೊಸ ಫ್ಯಾನ್ ಹಾಕಿಸಿದ್ದು, ಅಂದಿನಿಂದಲೇ ಕಪ್ಪು ಹೊಗೆ ಎಂದಾದರೆ ಎಂಜಿನ್ನನ್ನು ಬೈಯಬೇಡಿ. ಆ ಫ್ಯಾನ್ ನಿಮ್ಮ ಎಂಜಿನ್‌ಗೆ ಭಾರ.

ಗೇರ್ ಬಾಕ್ಸ್ ಜಾರುವುದನ್ನು ಹಿಡಿಯಲು ಬಿಳಿ ಬಣ್ಣ ಸಾಕು. ಎಂಜಿನ್ ನಿಂತಿರುವಾಗ ಶಾಫ್ಟ್ ಮೇಲೆ ಒಂದು ಪಟ್ಟಿ ಬಳಿದು, ಓಡುವಾಗ ಲೇಸರ್ ಟ್ಯಾಕೊಮೀಟರಿನಿಂದ ದೂರ ನಿಂತೇ ಅಳೆಯಿರಿ. ಗೇರ್ ಅನುಪಾತ 4:1 ಇದ್ದು ಎಂಜಿನ್ 1,600 ತೋರಿಸಿದರೆ ಶಾಫ್ಟ್ 400 ತಿರುಗಬೇಕು. 350 ಬಂದರೆ ಕ್ಲಚ್ ಜಾರುತ್ತಿದೆ. ಮೊದಲು ಗೇರ್ ಆಯಿಲ್ ಮಟ್ಟ ನೋಡಿ. ಆಯಿಲ್ ಸುಟ್ಟ ವಾಸನೆ ಬಂದರೆ ಪ್ಲೇಟುಗಳು ಸವೆದಿವೆ, ಹಾಲು ಬೆರೆಸಿದ ಚಹಾದಂತೆ ಕಂಡರೆ ಆಯಿಲ್ ಕೂಲರ್ ಒಡೆದು ನೀರು ಸೇರಿದೆ.

ಮರದ ಬೋಟನ್ನು ದಡಕ್ಕೆ ಎಳೆದು ಮತ್ತೆ ನೀರಿಗಿಳಿಸಿದ ಮೇಲೆ ಎಂಜಿನ್ ಮತ್ತು ಶಾಫ್ಟ್‌ನ ಸಾಲು ತಪ್ಪಿರಬಹುದು. ಅದನ್ನು ಬೋಟ್ ನೀರಿನಲ್ಲಿ ಒಂದೆರಡು ದಿನ ತೇಲಿದ ಮೇಲೆಯೇ ಅಳೆಯಬೇಕು, ದಡದಲ್ಲಿ ಅಳೆದ ಲೆಕ್ಕ ನಿಲ್ಲುವುದಿಲ್ಲ. ಗ್ಲ್ಯಾಂಡ್‌ನಲ್ಲಿ ಓಡುವಾಗ ಆಗಾಗ ಒಂದು ಹನಿ ನೀರು ಬೀಳುವುದು ಒಳ್ಳೆಯದೇ. ಒಂದು ಹನಿಯೂ ಬೀಳದಂತೆ ಬಿಗಿ ಮಾಡಿ ಹೆಮ್ಮೆಪಡುವವರು ಶಾಫ್ಟನ್ನು ಸುಡುತ್ತಿದ್ದಾರೆ.

ಬಿಸಿ

ಬಿಸಿಯಾದ ಎಂಜಿನ್ ಸೋಲುತ್ತದೆ. ಈಗಿನ ಕಂಪ್ಯೂಟರ್ ಇರುವ ಎಂಜಿನ್‌ಗಳಂತೂ ನೀರು ಕಾದರೆ, ಆಯಿಲ್ ಒತ್ತಡ ಇಳಿದರೆ ತಾವೇ ಶಕ್ತಿಯನ್ನು ಕಡಿಮೆ ಮಾಡಿಕೊಳ್ಳುತ್ತವೆ. ಅಂಥ ಎಂಜಿನ್ ಆದರೆ ಮೊದಲು ಪರದೆಯ ಮೇಲಿನ ದೋಷಸಂಖ್ಯೆ ಬರೆದುಕೊಳ್ಳಿ, ಅದನ್ನು ಅಳಿಸಬೇಡಿ. ಸಮುದ್ರದ ನೀರು ಒಳಬರುವ ಜಾಲರಿಯಲ್ಲಿ ಪ್ಲಾಸ್ಟಿಕ್ ಚೀಲ, ಜೆಲ್ಲಿ ಮೀನು, ಅಳಿವೆಯ ಕೆಸರು ಸಿಗುತ್ತವೆ. ನೀರಿನ ಪಂಪ್‌ನ ರಬ್ಬರ್ ಚಕ್ರದ ಎಸಳು ಮುರಿದಿದ್ದರೆ ಹೊಸದು ಹಾಕಿದರಷ್ಟೇ ಸಾಲದು. ಮುರಿದ ಚೂರುಗಳನ್ನು ಮುಂದಿನ ಪೈಪಿನಲ್ಲಿ ಹುಡುಕಿ ತೆಗೆಯಬೇಕು. ಬಿಸಿ ಇರುವಾಗ ನೀರಿನ ಮುಚ್ಚಳ ತೆರೆಯಬೇಡಿ.

ಕೊನೆಗೆ ಎಂಜಿನ್ ಒಳಗೆ

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ನಾಜಲ್, ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ), ಪಂಪ್. ಹಳೆಯ ಬಗೆಯ ಪಂಪ್ ಇರುವ ಎಂಜಿನ್ ಖಾಲಿ ಓಡುವಾಗ ಒಂದೊಂದೇ ನಾಜಲ್ ಪೈಪಿನ ನಟ್ಟನ್ನು ಬಟ್ಟೆ ಸುತ್ತಿ ಅರ್ಧ ಸುತ್ತು ಸಡಿಲಿಸಿ. ಒಳ್ಳೆಯ ಸಿಲಿಂಡರ್ ಆದರೆ ಎಂಜಿನ್ ಕುಂಟುತ್ತದೆ. ಸಡಿಲಿಸಿದರೂ ಸದ್ದು ಬದಲಾಗದ ಸಿಲಿಂಡರ್ ಮೊದಲೇ ಸತ್ತಿತ್ತು. ಕೈಗವಸು, ಕನ್ನಡಕ ಹಾಕಿಕೊಳ್ಳಿ, ಬೆರಳನ್ನು ಸಿಂಪಡಿಕೆಯ ಎದುರು ತರಬೇಡಿ: ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ, ಸಣ್ಣ ಚುಕ್ಕೆಯಂತೆ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಗಾಯ ಅದು. ಎಲ್ಲ ನಾಜಲ್‌ಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಹೋಗುವ ಕಾಮನ್ ರೈಲ್ ಎಂಜಿನ್‌ನಲ್ಲಿ ಈ ಪರೀಕ್ಷೆ ಮಾಡಲೇಬೇಡಿ. ಅಲ್ಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ.

ಆಯಿಲ್ ತುಂಬಿಸುವ ಮುಚ್ಚಳ ತೆಗೆದಾಗ ರೈಲಿನಂತೆ ಹಬೆ ಉಗುಳಿದರೆ ಪಿಸ್ಟನ್ ರಿಂಗುಗಳು ಸವೆದಿವೆ. ಅದು ದಕ್ಕೆಯಲ್ಲಿ ನಿಂತು ಮಾಡುವ ಕೆಲಸವಲ್ಲ.

ಕಡಲಿನಲ್ಲಿ ಸೋತರೆ

ಮೊದಲು ಬಲೆಯ ಹೊರೆ ಕಡಿಮೆ ಮಾಡಿ, ಲಂಗರು ಸಿದ್ಧವಾಗಿರಲಿ, ಆಮೇಲೆ ಎಂಜಿನ್ ಕೋಣೆಗೆ ಇಳಿಯಿರಿ. ಅಲ್ಲಿ ಮಾಡಬಹುದಾದದ್ದು ನಾಲ್ಕೇ: ಟ್ಯಾಂಕ್‌ನ ಮುಚ್ಚಳ ಸಡಿಲಿಸುವುದು, ಫಿಲ್ಟರಿನ ನೀರು ಇಳಿಸುವುದು, ಫಿಲ್ಟರ್ ಬದಲಿಸಿ ಗಾಳಿ ತೆಗೆಯುವುದು, ಟರ್ಬೊ ಓಸ್‌ನ ಕ್ಲ್ಯಾಂಪ್ ಬಿಗಿ ಮಾಡುವುದು. ಬೋಟ್‌ನಲ್ಲಿ ಎರಡು ಜೊತೆ ಫಿಲ್ಟರ್ ಇಲ್ಲದೆ ಹತ್ತು ದಿನದ ಮೀನುಗಾರಿಕೆಗೆ ಹೊರಡಬೇಡಿ. ಸೋತ ಎಂಜಿನ್ನಿನೊಂದಿಗೆ ಅಳಿವೆ ದಾಟುವ ಸಾಹಸವೂ ಬೇಡ, ಅಲ್ಲಿ ಅಲೆ ಒಡೆಯುವ ಹೊತ್ತಿನಲ್ಲಿ ಅರ್ಧ ಶಕ್ತಿ ಸಾಲದು. ಹೊರಗೇ ಲಂಗರು ಹಾಕಿ ಭರತ ಬರುವವರೆಗೆ ಕಾಯಿರಿ, ಇಲ್ಲವೇ ಇನ್ನೊಂದು ಬೋಟ್‌ನ ಹಗ್ಗ ಹಿಡಿಯಿರಿ. ಅಪಾಯ ಕಂಡರೆ ವಿಎಚ್‌ಎಫ್ ರೇಡಿಯೊದ 16ನೇ ಚಾನಲ್; ಮೊಬೈಲ್ ಸಿಗ್ನಲ್ ಇದ್ದರೆ ಕರಾವಳಿ ಕಾವಲು ಪಡೆಯ 1554.

ಮೇ ಕೊನೆಯಲ್ಲಿ ಒಂದು ಕೆಲಸ

ಎಲ್ಲ ಸರಿಹೋದ ಮೇಲೆ ಪೂರ್ತಿ ಹೊರೆಯಲ್ಲಿ ಒಮ್ಮೆ ಓಡಿಸಿ ಆರ್‌ಪಿಎಂ, ಎರಡೂ ದಿಕ್ಕಿನ ವೇಗ, ನೀರಿನ ಬಿಸಿ, ಆಯಿಲ್ ಒತ್ತಡ, ವ್ಯಾಕ್ಯೂಮ್ ಗೇಜಿನ ಅಂಕಿ ಇವನ್ನು ದಿನಾಂಕದೊಂದಿಗೆ ಎಂಜಿನ್ ಕೋಣೆಯ ಬಾಗಿಲ ಒಳಬದಿಯಲ್ಲಿ ಪೇಂಟ್‌ನಿಂದಲೇ ಬರೆದಿಡಿ. ಪುಸ್ತಕ ಕಳೆದುಹೋಗುತ್ತದೆ, ಬಾಗಿಲು ಅಲ್ಲೇ ಇರುತ್ತದೆ.

ನಿಷೇಧ ಶುರುವಾಗುವ ಮೊದಲು ಟ್ಯಾಂಕ್‌ನ ತಳದ ನೀರು ಇಳಿಸಿ, ಉಬ್ಬಲು ಸ್ವಲ್ಪ ಜಾಗವಷ್ಟೇ ಬಿಟ್ಟು ಡೀಸೆಲ್ ತುಂಬಿಸಿ. ಬೆವರಲು ಗೋಡೆಯೇ ಉಳಿಯದಿರಲಿ. ತುಂಬಿದ ಟ್ಯಾಂಕ್ ಬಿಟ್ಟು ಹೋದರೆ ಕಳ್ಳರ ಭಯ ಎನ್ನುವವರು ಪೂರ್ತಿ ಬರಿದು ಮಾಡಿ, ಒರೆಸಿ, ಒಣಗಿಸಿ ಇಡಿ. ಅರ್ಧ ಮಾತ್ರ ಬೇಡ. ಗಾಳಿ ಕೊಳವೆಯ ಬಾಯಿಗೆ ಸಣ್ಣ ಕಣ್ಣಿನ ಹಿತ್ತಾಳೆ ಜಾಲರಿ ಇಟ್ಟು ತಂತಿಯಿಂದ ಕಟ್ಟಿ. ಬಟ್ಟೆ ತುರುಕಿದರೆ ಆಗಸ್ಟ್‌ನಲ್ಲಿ ತೆಗೆಯಲು ಮರೆಯುತ್ತೀರಿ, ಆಗ ಕಣಜದ ಕೆಲಸವನ್ನು ನೀವೇ ಮಾಡಿದಂತಾಗುತ್ತದೆ.